ಬಾಯಿ ಬಿಡೋ ಮೀನಿಗೆ ಬೇಕಿದ್ದು ಮೇವಲ್ಲ, ಉಸಿರು

ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಸುಲಭವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ನಿಂತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಮೀನಿನ ಹೊಂಡ. "ನನಗೂ ಮೀನಿನ ಹೊಂಡಕ್ಕೂ ಏನು ಸಂಬಂಧ" ಅಂತ ಸ್ಕಿಪ್ ಮಾಡಬೇಡಿ. ಇದರಲ್ಲಿ ಒಂದು ಸಾವಿನ ತನಿಖೆ ಇದೆ, ಮಾತು ಬಿಟ್ಟ ಎರಡು ಮನೆಗಳ ಕಥೆ ಇದೆ, ಕೊನೆಗೆ ನಾವೆಲ್ಲ ನೋಡಿರೋ ಹಲಸೂರು ಕೆರೆಯೂ ಬರತ್ತೆ.

ಹೋದ ವಾರ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ರು. ಹಿಂದೆ ಟ್ರೇನ್ ಸದ್ದು. ಅವರ ಮಾತನ್ನ ಹಾಗೇ ಕೊಡ್ತೀನಿ.

"ಅಕ್ಕ, ನಾನು ಬೈಯಪ್ಪನಹಳ್ಳಿಲಿ ಪಿಜಿಲಿ ಇದ್ದೀನಿ. ಊರು ಮಾಲೂರು ಕಡೆ. ಶನಿವಾರ ಶನಿವಾರ ಇಲ್ಲೇ ಬಂಗಾರಪೇಟೆ ಟ್ರೇನ್ ಹತ್ಕೊಂಡು ಊರಿಗೆ ಹೋಗ್ತೀನಿ. ನಮ್ಮ ಚಿಕ್ಕಪ್ಪ ತೋಟದಲ್ಲಿ ಹತ್ತು ಗುಂಟೆ ಹೊಂಡ ಮಾಡಿಸಿ ಮೀನು ಬಿಟ್ಟಿದ್ರು. ಬೆಂಗಳೂರಿನವರು ವೀಕೆಂಡ್ ಬಂದು ಗಾಳ ಹಾಕ್ಲಿ, ದುಡ್ಡು ಕೊಟ್ಟು ಹೋಗ್ಲಿ ಅಂತ ಪ್ಲಾನ್. ಚೆನ್ನಾಗೇ ನಡೀತಿತ್ತು. ಭರಣಿ ಮಳೆ ಟೈಮಲ್ಲಿ ಒಂದು ಸೋಮವಾರ ಬೆಳಗ್ಗೆ ಎದ್ದು ನೋಡಿದ್ರೆ ಹೊಂಡದ ತುಂಬ ಸತ್ತ ಮೀನು. ಪಕ್ಕದ ತೋಟದವರು ಟೊಮ್ಯಾಟೊಗೆ ಔಷಧಿ ಹೊಡೆದು ಡ್ರಮ್ ನಮ್ಮ ಹೊಂಡದಲ್ಲಿ ತೊಳೆದಿದ್ದಾರೆ ಅಂತ ಚಿಕ್ಕಪ್ಪ ಹೇಳ್ತಾರೆ. ಅವರು ಬೇರೆಯವರಲ್ಲ, ನಮ್ಮ ದೊಡ್ಡಪ್ಪನ ಮಗನೇ. ಈಗ ಎರಡು ಮನೆಗೂ ಮಾತಿಲ್ಲ. ಮುಂದಿನ ತಿಂಗಳು ಅವರ ಮನೇಲಿ ಮದುವೆ, ನಮಗೆ ಕಾರ್ಡ್ ಕೂಡ ಬಂದಿಲ್ಲ. ನಿಜವಾಗ್ಲೂ ಏನಾಗಿರತ್ತೆ ಅಂತ ತಿಳ್ಕೊಳೋದು ಹೇಗೆ? ಮತ್ತೆ ಮೀನು ಬಿಡಬೇಕಾ ಬೇಡ್ವಾ?"

ನಾನು ವಾಪಸ್ ಐದಾರು ಪ್ರಶ್ನೆ ಕಳಿಸಿದೆ. ಅವರು ಚಿಕ್ಕಪ್ಪನ್ನ ಕೇಳಿ ಉತ್ತರ ಕಳಿಸಿದ್ರು, ಅವತ್ತು ತೆಗೆದ ಫೋಟೋಗಳನ್ನೂ ಕಳಿಸಿದ್ರು. ಆ ಉತ್ತರಗಳಲ್ಲೇ ಸುಳಿವು ಇತ್ತು. ಆದ್ರೆ ಅದು ಅರ್ಥ ಆಗಬೇಕಾದ್ರೆ ಮೊದಲು ಹೊಂಡ ಹೇಗೆ ಕೆಲಸ ಮಾಡತ್ತೆ ಅಂತ ಗೊತ್ತಿರಬೇಕು.

ಗೊಬ್ಬರ ಹಾಕೋದು ಮೀನಿಗಲ್ಲ, ನೀರಿಗೆ

ಹೊಂಡಕ್ಕೆ ಸಗಣಿ ಹಾಕ್ತಾರೆ, ಯೂರಿಯಾ ಹಾಕ್ತಾರೆ ಅಂದ್ರೆ ಸಿಟಿಯವರಿಗೆ ವಿಚಿತ್ರ ಅನ್ಸತ್ತೆ. ಮೀನು ಯೂರಿಯಾ ತಿನ್ನತ್ತಾ? ಇಲ್ಲ. ಹೊಲಕ್ಕೆ ಗೊಬ್ಬರ ಹಾಕೋದು ರಾಗಿ ಬೆಳೀಲಿ ಅಂತ. ಹೊಂಡಕ್ಕೆ ಗೊಬ್ಬರ ಹಾಕೋದು ಪ್ಲಾಂಕ್ಟನ್ ಬೆಳೀಲಿ ಅಂತ. ಪಠ್ಯಪುಸ್ತಕದಲ್ಲಿ ಪ್ಲವಕ ಅಂತ ಓದಿರ್ತೀರಿ. ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಚಿಕ್ಕ ಪಾಚಿ ಕಣಗಳು. ಅವು ಜಾಸ್ತಿ ಆದಾಗ ನೀರಿಗೆ ತಿಳಿ ಹಸಿರು ಬಣ್ಣ ಬರತ್ತೆ. ಆ ಪಾಚಿಯನ್ನ ತಿನ್ನೋ ಸಣ್ಣ ಸಣ್ಣ ಹುಳಗಳು ಹುಟ್ಟತ್ತವೆ. ಇವೆರಡನ್ನೂ ಮೀನು ತಿನ್ನತ್ತೆ.

ನಮ್ಮ ಕಡೆ ಹೊಂಡಗಳಲ್ಲಿ ಸಾಮಾನ್ಯವಾಗಿ ಬಿಡೋದು ಮೂರು ಜಾತಿ. ಕಾಟ್ಲಾ, ರೋಹು, ಮೃಗಾಲ್. ಈ ಮೂರನ್ನ ಒಟ್ಟಿಗೆ ಬಿಡೋದಕ್ಕೆ ಕಾರಣ ಇದೆ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ತಿನ್ನತ್ತೆ, ಅದರ ಬಾಯಿ ಮೇಲಕ್ಕೆ ತಿರುಗಿದೆ. ರೋಹು ನಡುವಿನದ್ದು. ಮೃಗಾಲ್ ತಳದಲ್ಲಿ ಕೊಳೆತದ್ದನ್ನ ಹೆಕ್ಕತ್ತೆ. ಮೂರು ಮಹಡಿ ಮನೆ, ಮೂರು ಅಡುಗೆಮನೆ ಅಂದ್ಕೊಳಿ. ಒಬ್ಬರ ಊಟಕ್ಕೆ ಇನ್ನೊಬ್ಬರು ಕೈ ಹಾಕಲ್ಲ. ಇವುಗಳ ಜೊತೆ ಸಾಮಾನ್ಯ ಗೆಂಡೆ, ಹುಲ್ಲುಗೆಂಡೆಯನ್ನೂ ಬಿಡ್ತಾರೆ.

ಹಾಗಾಗಿ ಒಳ್ಳೆ ಹೊಂಡದಲ್ಲಿ ಮೀನಿನ ಊಟದ ದೊಡ್ಡ ಪಾಲು ನೀರಲ್ಲೇ ಬೆಳೀತಿರತ್ತೆ. ಕೈಯಿಂದ ಹಾಕೋ ತೌಡು, ಹಿಂಡಿ ಅದರ ಮೇಲಿನ ಪಲ್ಯ ಇದ್ದ ಹಾಗೆ.

ಗಾಳದ ಹೊಂಡಕ್ಕೆ ಗೊಬ್ಬರ ಹಾಕೋ ವಿದ್ಯೆ ಒಂದು ವಿಜ್ಞಾನವಾಗಿ ಬೆಳೆದದ್ದು ಅಮೆರಿಕದ ಅಲಬಾಮಾದಲ್ಲಿ. 1930ರ ದಶಕದಲ್ಲಿ ಹೋಮರ್ ಸ್ವಿಂಗಲ್ ಅನ್ನೋ ವಿಜ್ಞಾನಿ, ಈಗ ಆಬರ್ನ್ ವಿಶ್ವವಿದ್ಯಾಲಯ ಅಂತ ಕರೆಯೋ ಸಂಸ್ಥೆಯಲ್ಲಿ, ರೈತರ ಸಣ್ಣ ಹೊಂಡಗಳಲ್ಲಿ ಇದನ್ನ ಪ್ರಯೋಗ ಮಾಡಿ ನೋಡಿದ್ರು. ಗೊಬ್ಬರ ಲೆಕ್ಕವಾಗಿ ಹಾಕಿದ ಹೊಂಡ, ಹಾಕದ ಹೊಂಡಕ್ಕಿಂತ ಎಷ್ಟೋ ಪಟ್ಟು ಮೀನು ಕೊಡತ್ತೆ ಅಂತ ತೋರಿಸಿದ್ರು. ಇಲ್ಲಿ ಮುಖ್ಯ ಪದ "ಲೆಕ್ಕವಾಗಿ".

ಹಾಗಾದ್ರೆ ಲೆಕ್ಕ ಎಷ್ಟು?

ಹತ್ತು ಗುಂಟೆ ಅಂದ್ರೆ ಹೆಚ್ಚೂಕಮ್ಮಿ ಸಾವಿರ ಚದರ ಮೀಟರ್, ಒಂದು ಹೆಕ್ಟೇರಿನ ಹತ್ತನೇ ಒಂದು ಪಾಲು. ಹಾಗಾಗಿ ಪುಸ್ತಕದಲ್ಲಿ ಹೆಕ್ಟೇರಿಗೆ ಅಂತ ಕೊಟ್ಟಿರೋದನ್ನ ಹತ್ತರಿಂದ ಭಾಗಿಸಿದ್ರೆ ಆಯ್ತು.

ಮೊದಲು ಸುಣ್ಣ. ಹೊಂಡದ ಮಣ್ಣು ಎಷ್ಟು ಹುಳಿ ಇದೆ ಅನ್ನೋದರ ಮೇಲೆ 20ರಿಂದ 50 ಕೆಜಿ. ಸುಣ್ಣ ಹಾಕಿ ಒಂದು ವಾರ ಸುಮ್ಮನೆ ಬಿಡಬೇಕು. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಹಾಕಬಾರದು. ಸುಣ್ಣ ಸೂಪರ್ ಫಾಸ್ಫೇಟಿನ ರಂಜಕವನ್ನ ಹಿಡಿದುಬಿಡತ್ತೆ, ಸಾರಜನಕ ಅಮೋನಿಯಾ ಆಗಿ ಹಾರಿಹೋಗತ್ತೆ. ದುಡ್ಡೂ ದಂಡ, ಗೊಬ್ಬರವೂ ದಂಡ.

ಆಮೇಲೆ ಸಗಣಿ. ಮೀನು ಮರಿ ಬಿಡೋಕೆ ಎರಡು ವಾರ ಮುಂಚೆ ಸುಮಾರು 300 ಕೆಜಿ. ಅದಾದ ಮೇಲೆ ಹದಿನೈದು ದಿನಕ್ಕೊಮ್ಮೆ 50 ಕೆಜಿ. ಗೋಬರ್ ಗ್ಯಾಸ್ ಇದ್ದವರು ಅದರ ಬಗ್ಗಡ ಹಾಕಿದ್ರೆ ಇನ್ನೂ ಒಳ್ಳೇದು, ಅದು ಆಗಲೇ ಅರ್ಧ ಕೊಳೆತು ಬಂದಿರತ್ತೆ. ಕೋಳಿ ಗೊಬ್ಬರ ಸಗಣಿಗಿಂತ ಖಾರ, ಅದಾದ್ರೆ ಮೂರನೇ ಒಂದು ಪಾಲು ಸಾಕು.

ಇನ್ನು ರಾಸಾಯನಿಕ ಗೊಬ್ಬರ. ಹದಿನೈದು ದಿನಕ್ಕೊಮ್ಮೆ ಯೂರಿಯಾ ಸುಮಾರು 1 ಕೆಜಿ, ಸಿಂಗಲ್ ಸೂಪರ್ ಫಾಸ್ಫೇಟ್ ಒಂದೂವರೆ ಕೆಜಿ. ಹೌದು, ಅಷ್ಟೇ. ಅಂಗಡಿಯಿಂದ ತರೋ ಒಂದು ಯೂರಿಯಾ ಮೂಟೆ 45 ಕೆಜಿ ಇರತ್ತೆ. ಹತ್ತು ಗುಂಟೆ ಹೊಂಡಕ್ಕೆ ಆ ಒಂದೇ ಮೂಟೆ ಎರಡು ವರ್ಷ ಬರಬೇಕು. ಸೂಪರ್ ಫಾಸ್ಫೇಟನ್ನ ಹರಳಾಗಿ ಎರಚಿದ್ರೆ ತಳಕ್ಕೆ ಹೋಗಿ ಮಣ್ಣಿಗೆ ಅಂಟ್ಕೊಳತ್ತೆ. ಹಿಂದಿನ ರಾತ್ರಿ ಬಕೆಟ್‌ನಲ್ಲಿ ನೆನೆಸಿಟ್ಟು, ಬಿಸಿಲು ಬಂದ ಮೇಲೆ ಆ ನೀರನ್ನ ಹೊಂಡದ ಸುತ್ತ ಚೆಲ್ಲಬೇಕು.

ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇರೋರಿಗೆ ಒಂದು ಮಾತು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಇಂಥ ಹೊಂಡಗಳು ನಮ್ಮ ಬಯಲುಸೀಮೆಯಲ್ಲಿ ತುಂಬಾ ಆದವು. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡ ಅಂದ್ರೆ ನಾಲ್ಕು ಗುಂಟೆಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಅದಕ್ಕೆ ಒಂದು ಸಲಕ್ಕೆ ಯೂರಿಯಾ ಅರ್ಧ ಕೆಜಿಯೂ ಬೇಡ. ಇನ್ನೊಂದು, ಆ ಪ್ಲಾಸ್ಟಿಕ್ ಮೇಲೆ ಪಾಚಿ ಕಟ್ಟಿದ್ರೆ ಬಿದ್ದವರು ಹತ್ತಿ ಬರೋಕಾಗಲ್ಲ. ಗಾಳ ಹಾಕೋಕೆ ಜನರನ್ನ ಕರೆಯೋದಾದ್ರೆ ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಹಗ್ಗ, ಗಾಳಿ ತುಂಬಿದ ಟ್ಯೂಬ್ ಇರಲೇಬೇಕು.

ಹೊಂಡದ ನೀರು ಎಲ್ಲಿಂದ ಬಂತು ಅನ್ನೋದನ್ನೂ ನೋಡ್ಬೇಕು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರೀತಿದೆ, ಅಂತರ್ಜಲ ತುಂಬ್ಲಿ ಅಂತ. ಆ ನೀರಲ್ಲಿ ಸಾರಜನಕ, ರಂಜಕ ಎರಡೂ ಆಗಲೇ ಇರತ್ತೆ. ನಿಮ್ಮ ಹೊಂಡ ಅಂಥ ಕೆರೆ ಪಕ್ಕದಲ್ಲಿದ್ದು ಬಸಿ ನೀರು ಬರ್ತಿದ್ರೆ ಪುಸ್ತಕದ ಲೆಕ್ಕ ಕಣ್ಣು ಮುಚ್ಚಿ ಹಾಕಬೇಡಿ. ಉಪ್ಪು ಬಿದ್ದ ಸಾರಿಗೆ ಮತ್ತೆ ಉಪ್ಪು ಹಾಕಿದ ಹಾಗಾಗತ್ತೆ.

ಮೊಣಕೈ ಪರೀಕ್ಷೆ

ಗೊಬ್ಬರ ಸಾಕಾ, ಬೇಕಾ ಅಂತ ತಿಳ್ಕೊಳೋಕೆ ಲ್ಯಾಬ್ ಬೇಡ. 1865ರಲ್ಲಿ ಇಟಲಿಯ ಏಂಜೆಲೋ ಸೆಕಿ ಅನ್ನೋ ಪಾದ್ರಿ ಒಂದು ಬಿಳಿ ತಟ್ಟೆಯನ್ನ ಹಗ್ಗಕ್ಕೆ ಕಟ್ಟಿ ಸಮುದ್ರಕ್ಕೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆ ಆಗತ್ತೆ ಅಂತ ಅಳೆದ್ರು. ಇವತ್ತಿಗೂ ಪ್ರಪಂಚದ ಎಲ್ಲ ಕಡೆ ಕೆರೆ ಅಳೆಯೋರು ಅದನ್ನೇ ಬಳಸ್ತಾರೆ, ಹೆಸರು ಸೆಕಿ ಡಿಸ್ಕ್. ಮನೇಲಿ ಹಳೇ ಸ್ಟೀಲ್ ತಟ್ಟೆಗೆ ಕಪ್ಪು ಬಿಳಿ ಬಣ್ಣ ಬಳಿದು, ಕೋಲಿಗೆ ಕಟ್ಟಿ, ಕೋಲಿನ ಮೇಲೆ ಅಳತೆ ಬರೆದ್ರೆ ನಿಮ್ಮದೂ ರೆಡಿ.

ತಟ್ಟೆ 30ರಿಂದ 40 ಸೆಂಟಿಮೀಟರ್ ಆಳದಲ್ಲಿ ಮರೆಯಾದ್ರೆ ಹೊಂಡ ಸರಿಯಾಗಿದೆ. 60 ದಾಟಿದ್ರೂ ಕಾಣ್ತಿದ್ರೆ ನೀರು ಬಡವಾಗಿದೆ, ಗೊಬ್ಬರ ಬೇಕು. 20ಕ್ಕೇ ಮರೆಯಾದ್ರೆ ನಿಲ್ಲಿಸಿ. ಇನ್ನು ಒಂದು ಮುಷ್ಟಿ ಗೊಬ್ಬರವೂ ಬೇಡ. ತಟ್ಟೆ ಇಲ್ಲ ಅಂದ್ರೆ ಕೈ ಇದೆಯಲ್ಲ. ಮೊಣಕೈವರೆಗೆ ಕೈ ಇಳಿಸಿ, ಅಂಗೈ ಮಸುಕಾಗಿ ಕಂಡ್ರೆ ಚೆನ್ನಾಗಿದೆ. ಮಣಿಕಟ್ಟು ಮುಳುಗೋದ್ರೊಳಗೇ ಬೆರಳು ಮಾಯ ಆದ್ರೆ ಅಪಾಯ. ಒಂದು ಎಚ್ಚರ, ಮಳೆಗೆ ಕೆಂಪು ಮಣ್ಣು ಕದಡಿ ಬಂದಿದ್ರೆ ಈ ಪರೀಕ್ಷೆ ಸುಳ್ಳು ಹೇಳತ್ತೆ. ನೀರು ಹಸಿರಿದ್ದಾಗ ಮಾತ್ರ ನಂಬಿ.

ಇಡೀ ಹೊಂಡದಲ್ಲಿ ಇರೋದು 9 ಕೆಜಿ

ಈಗ ತನಿಖೆಯ ಮುಖ್ಯ ಭಾಗ. ನಮ್ಮ ಕೇಳುಗರ ಹೊಂಡ ಹತ್ತು ಗುಂಟೆ, ಆಳ ಸರಾಸರಿ ಒಂದೂವರೆ ಮೀಟರ್. ಅಂದ್ರೆ ಸುಮಾರು 15 ಲಕ್ಷ ಲೀಟರ್ ನೀರು. ಕೇಳೋಕೆ ತುಂಬಾ ಅನ್ಸತ್ತೆ. ಆದ್ರೆ ಅದರಲ್ಲಿ ಉಸಿರಾಡೋಕೆ ಎಷ್ಟಿದೆ?

ನಾವು ಉಸಿರಾಡೋ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಇರತ್ತೆ. ಒಂದು ಲೀಟರ್ ನೀರಲ್ಲಿ ಕರಗಿರೋದು ಆರೇಳು ಮಿಲಿಗ್ರಾಂ ಅಷ್ಟೇ. ನೀರು ಬಿಸಿ ಆದಷ್ಟೂ ಅದು ಕಡಿಮೆ. ಸಮುದ್ರ ಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡ್ರೆ, 30 ಡಿಗ್ರಿ ನೀರು ಏಳೂವರೆ. ಜೊತೆಗೆ ಬೆಂಗಳೂರು, ಕೋಲಾರದ ನಾವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೀವಿ. ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇನ್ನೂ ಶೇಕಡ ಹತ್ತರಷ್ಟು ಕಡಿಮೆ.

ಲೀಟರಿಗೆ 6 ಮಿಲಿಗ್ರಾಂ ಅಂತ ಇಟ್ಕೊಂಡು 15 ಲಕ್ಷ ಲೀಟರಿಗೆ ಗುಣಿಸಿ. 9 ಕೆಜಿ. ಇಡೀ ಹೊಂಡದಲ್ಲಿ, ಅಷ್ಟೂ ಮೀನಿಗೆ, ಅಷ್ಟೂ ಪಾಚಿಗೆ, ತಳದ ಕೆಸರಿನ ಅಷ್ಟೂ ಬ್ಯಾಕ್ಟೀರಿಯಾಗೆ ಸೇರಿ ಇರೋ ಆಮ್ಲಜನಕ 9 ಕೆಜಿ.

ಈಗ ಖರ್ಚಿನ ಕಡೆ ನೋಡಿ. ನೀರಿಗೆ ಹಾಕಿದ 1 ಕೆಜಿ ಒಣ ಮೇವು, ಮೀನು ತಿಂದು ಅರಗಿಸಿದ್ರೂ, ತಿನ್ನದೆ ಕೊಳೆತ್ರೂ, ಕೊನೆಗೆ ಹೆಚ್ಚೂಕಮ್ಮಿ 1 ಕೆಜಿ ಅಥವಾ ಸ್ವಲ್ಪ ಜಾಸ್ತಿಯೇ ಆಮ್ಲಜನಕ ಕೇಳತ್ತೆ. ಮೇವು ಹಾಕೋದು ಅಂದ್ರೆ ಆ 9 ಕೆಜಿ ಖಾತೆಯಿಂದ ದುಡ್ಡು ತೆಗೆದ ಹಾಗೆ.

ಖಾತೆಗೆ ಜಮಾ ಮಾಡೋರು ಯಾರು? ಸ್ವಲ್ಪ ಗಾಳಿ, ಆದ್ರೆ ಬಹುಪಾಲು ಅದೇ ಹಸಿರು ಪಾಚಿ. ಹಗಲು ಬಿಸಿಲಲ್ಲಿ ಅದು ಆಮ್ಲಜನಕ ಕೊಡತ್ತೆ. ರಾತ್ರಿ ಬಿಸಿಲಿಲ್ಲ, ಆಗ ಪಾಚಿಯೂ ಮೀನಿನ ಹಾಗೇ ಉಸಿರಾಡತ್ತೆ, ಆಮ್ಲಜನಕ ತಗೊಳತ್ತೆ. ಹಾಗಾಗಿ ಹೊಂಡದಲ್ಲಿ ಸಂಜೆ ಹೊತ್ತಿಗೆ ಖಾತೆ ತುಂಬಿರತ್ತೆ, ಬೆಳಗಿನ ಜಾವ ಐದು ಆರು ಗಂಟೆಗೆ ಬರಿದಾಗಿರತ್ತೆ. ನೀರು ಎಷ್ಟು ದಟ್ಟ ಹಸಿರೋ ರಾತ್ರಿ ಖರ್ಚು ಅಷ್ಟು ಜಾಸ್ತಿ. ಹಗಲು ನೋಡಿದವರಿಗೆ ಹೊಂಡ ಶ್ರೀಮಂತ, ನಸುಕಿನಲ್ಲಿ ಅದೇ ಹೊಂಡ ದಿವಾಳಿ.

ಲೀಟರಿಗೆ 5 ಮಿಲಿಗ್ರಾಂ ಮೇಲಿದ್ರೆ ಗೆಂಡೆ ಮೀನುಗಳು ಆರಾಮ. 3ಕ್ಕಿಂತ ಕೆಳಗೆ ಬಂದ್ರೆ ಕಷ್ಟ. 1ರ ಹತ್ತಿರ ಬಂದ್ರೆ ಸಾವು.

ಎರಡು ಲೆಕ್ಕ, ಚಿಕ್ಕದನ್ನೇ ಹಿಡಿಯಿರಿ

ಮೇವು ಎಷ್ಟು ಹಾಕ್ಬೇಕು ಅಂತ ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಎಲ್ಲರೂ ಹೇಳೋದು ಒಂದೇ ಲೆಕ್ಕ. ಮರಿ ಇದ್ದಾಗ ಮೀನಿನ ಒಟ್ಟು ತೂಕದ ಶೇಕಡ 5, ಬೆಳೀತಾ ಬಂದ ಹಾಗೆ 3, ಆಮೇಲೆ 2. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ ಕಲಸಿ ಹಾಕೋದು. ಇದು ತಪ್ಪಲ್ಲ. ಆದ್ರೆ ಇದು ಮೀನಿನ ಹೊಟ್ಟೆಯ ಲೆಕ್ಕ ಮಾತ್ರ.

ಇನ್ನೊಂದು ಲೆಕ್ಕ ಇದೆ, ಹೊಂಡದ ಉಸಿರಿನ ಲೆಕ್ಕ. ನೀರಿಗೆ ಗಾಳಿ ತುಂಬೋ ಏರೇಟರ್ ಇಲ್ಲದ ಹೊಂಡಕ್ಕೆ ದಿನಕ್ಕೆ ಹೆಕ್ಟೇರಿಗೆ ಸುಮಾರು 30 ಕೆಜಿಗಿಂತ ಜಾಸ್ತಿ ಮೇವು ಹಾಕಿದ್ರೆ ಬೆಳಗಿನ ಜಾವದ ಆಮ್ಲಜನಕ ಕೈಕೊಡೋಕೆ ಶುರುವಾಗತ್ತೆ. ನಮ್ಮ ಹತ್ತು ಗುಂಟೆಗೆ ಅದು ದಿನಕ್ಕೆ 3 ಕೆಜಿ.

ಎರಡನ್ನೂ ಮಾಡಿ, ಯಾವುದು ಚಿಕ್ಕದೋ ಅದನ್ನೇ ಹಾಕಿ. ಉದಾಹರಣೆಗೆ 400 ಮೀನು, ತಲಾ 250 ಗ್ರಾಂ. ಒಟ್ಟು 100 ಕೆಜಿ. ಶೇಕಡ 2 ಅಂದ್ರೆ 2 ಕೆಜಿ. ಹೊಂಡದ ಮಿತಿ 3 ಕೆಜಿ. ಹಾಗಾಗಿ 2 ಕೆಜಿ ಹಾಕಿ, ನೆಮ್ಮದಿಯಾಗಿರಿ. ಅದೇ 800 ಮೀನು, ತಲಾ 600 ಗ್ರಾಂ ಆದ್ರೆ? ಒಟ್ಟು 480 ಕೆಜಿ. ಶೇಕಡ 2 ಅಂದ್ರೆ ಹತ್ತಿರ ಹತ್ತಿರ 10 ಕೆಜಿ. ಮೀನಿಗೆ ಅಷ್ಟು ಬೇಕು, ಆದ್ರೆ ಹೊಂಡಕ್ಕೆ ಅಷ್ಟು ತಡ್ಕೊಳೋಕಾಗಲ್ಲ. ಅಲ್ಲಿಗೆ ಹೊಂಡದಲ್ಲಿ ಮೀನೇ ಜಾಸ್ತಿ ಆಯ್ತು ಅಂತ ಅರ್ಥ. ಮೇವು ಹೆಚ್ಚಿಸೋ ಬದಲು ಮೀನು ಹಿಡಿದು ಮಾರಬೇಕು.

ಗೆಂಡೆ ಜಾತಿಗೆ ನಮ್ಮ ಹಾಗೆ ಜಠರ ಇಲ್ಲ. ತಿಂದದ್ದು ನೇರ ಕರುಳಿಗೆ. ಒಂದೇ ಸಲ ತುಂಬಿಸಿ ಇಟ್ಕೊಳೋ ಜಾಗ ಅದಕ್ಕಿಲ್ಲ. ಹಾಗಾಗಿ ದಿನದ ಮೇವನ್ನ ಎರಡು ಭಾಗ ಮಾಡಿ, ಬಿಸಿಲು ಏರಿದ ಮೇಲೆ ಒಂದು, ಮಧ್ಯಾಹ್ನದ ಮೇಲೆ ಒಂದು. ತೂತು ಮಾಡಿದ ಗೋಣಿಚೀಲದಲ್ಲಿ ತುಂಬಿ ಬಿದಿರು ಗಳಕ್ಕೆ ಕಟ್ಟಿ ನೇತುಹಾಕೋ ಪದ್ಧತಿ ಒಳ್ಳೇದು. ಸಂಜೆ ಚೀಲ ಎತ್ತಿ ನೋಡಿ. ಮೇವು ಉಳಿದಿದ್ರೆ ನಾಳೆ ಅಷ್ಟು ಕಡಿಮೆ ಹಾಕಿ. ಮೋಡ ಕವಿದ ದಿನ ಅರ್ಧ, ಮೋಡ ಮುಂದುವರಿದ್ರೆ ಪೂರ್ತಿ ಬಂದ್. ಒಂದೆರಡು ದಿನ ಮೇವಿಲ್ಲ ಅಂದ್ರೆ ಮೀನು ಸಾಯಲ್ಲ.

ಗಾಳದ ಹೊಂಡಕ್ಕೆ ಇನ್ನೊಂದು ಗುಟ್ಟಿದೆ. ಬರೋ ಅತಿಥಿಗಳು ಬರಿಗೈಲಿ ಬರಲ್ಲ. ಮೈದಾ ಹಿಟ್ಟಿನ ಉಂಡೆ, ಬ್ರೆಡ್, ಬನ್, ಮಕ್ಕಳ ಕೈಲಿ ಕಡ್ಲೆಪುರಿ. ಕಾವೇರಿ ತೀರದಲ್ಲಿ ಬಿಳಿಮೀನಿಗೆ ರಾಗಿ ಹಿಟ್ಟಿನ ಉಂಡೆ ಕಟ್ಟೋದು ಹಳೇ ಪದ್ಧತಿ, ಅದನ್ನ ನೋಡಿದವರು ರಾಗಿ ಮುದ್ದೆಯನ್ನೂ ತರ್ತಾರೆ. ಗಾಳಕ್ಕೆ ಸಿಕ್ಕಿಸೋದು ಗೋಲಿ ಗಾತ್ರ. ಆದ್ರೆ ಮೀನು ಸೇರ್ಲಿ ಅಂತ ಸುತ್ತ ಎರಚೋದು ಹಿಡಿ ಹಿಡಿ. ತಲೆಗೆ ಅರ್ಧ ಕೆಜಿ ಅಂದ್ರೂ ಇಪ್ಪತ್ತು ಜನಕ್ಕೆ 10 ಕೆಜಿ. ನೆನಪಿದೆಯಲ್ಲ, ಹೊಂಡದಲ್ಲಿ ಇರೋ ಆಮ್ಲಜನಕ 9 ಕೆಜಿ. ಹಾಗಾಗಿ ಎರೆಯನ್ನ ನೀವೇ ಅಳತೆಯಲ್ಲಿ ಕೊಡಿ, ಹೊರಗಿನದ್ದು ಬೇಡ ಅನ್ನಿ, ಶನಿವಾರ ಭಾನುವಾರ ನಿಮ್ಮ ಮೇವು ನಿಲ್ಲಿಸಿ.

ಈಗ ಆ ಸೋಮವಾರಕ್ಕೆ ಬರೋಣ

ಕೇಳುಗರು ಕಳಿಸಿದ ಉತ್ತರಗಳು ಹೀಗಿದ್ವು. ಹೊಂಡಕ್ಕೆ ಬಿಟ್ಟಿದ್ದು 1,000 ಮರಿ, ಸಾಮಾನ್ಯವಾಗಿ ಹೇಳೋ 500ರ ದುಪ್ಪಟ್ಟು. ಹತ್ತು ತಿಂಗಳು ಬೆಳೆದಿತ್ತು. ದಿನಾ ಒಂದು ದೊಡ್ಡ ಬಕೆಟ್ ತೌಡು, ಹಿಂಡಿ, ಸುಮಾರು 8 ಕೆಜಿ. ಯುಗಾದಿ ಆದ ಮೇಲೆ ಒಂದು ಟ್ರಾಕ್ಟರ್ ಸಗಣಿ. ಮೀನು ಚೆನ್ನಾಗಿ ಬೆಳೀಲಿ ಅಂತ ಅರ್ಧ ಮೂಟೆ ಯೂರಿಯಾ. ನೀರು ಪಾಲಕ್ ಸಾರಿನ ಹಾಗೆ ಆಗಿತ್ತಂತೆ. ಆ ಶನಿವಾರ ಭಾನುವಾರ ಗಾಳ ಹಾಕೋಕೆ ಜನ ತುಂಬಿದ್ರು. ಮೂರು ದಿನದಿಂದ ಮೋಡ. ಭಾನುವಾರ ರಾತ್ರಿ ಜೋರು ಮಳೆ.

ಮಳೆ ಮಾಡೋ ಒಂದು ಕೆಲಸ ತುಂಬಾ ಜನಕ್ಕೆ ಗೊತ್ತಿಲ್ಲ. ಬೇಸಿಗೇಲಿ ಹೊಂಡದ ಮೇಲಿನ ನೀರು ಬಿಸಿ, ತಳದ ನೀರು ತಂಪು. ಎರಡೂ ಬೆರೆಯಲ್ಲ. ತಳದಲ್ಲಿ ಸಗಣಿ, ಮೇವು ಕೊಳೆತು ಆಮ್ಲಜನಕ ಮುಗಿದಿರತ್ತೆ. ತಣ್ಣನೆ ಮಳೆ ಬಿದ್ದು ಮೇಲಿನ ನೀರು ತಂಪಾದ ತಕ್ಷಣ ಅದು ಕೆಳಗಿಳಿಯತ್ತೆ, ತಳದ ಕೆಟ್ಟ ನೀರು ಮೇಲೆ ಬರತ್ತೆ. ಒಂದೇ ರಾತ್ರೀಲಿ ಇಡೀ ಹೊಂಡ ಉಸಿರುಗಟ್ಟತ್ತೆ.

ಇನ್ನು ವಿಷವಾ ಅಲ್ವಾ ಅನ್ನೋ ಪ್ರಶ್ನೆ. ಕೀಟನಾಶಕದ ಅಪಾಯ ಸುಳ್ಳಲ್ಲ. ಟೊಮ್ಯಾಟೊಗೆ ಹೊಡೆಯೋ ಕೆಲವು ಔಷಧಿಗಳು, ಮುಖ್ಯವಾಗಿ ಪೈರೆಥ್ರಾಯ್ಡ್ ಜಾತಿಯವು, ಸ್ವಲ್ಪ ಬಿದ್ರೂ ಮೀನನ್ನ ಕೊಲ್ಲತ್ತವೆ. ಆದ್ರೆ ವಿಷದ ಸಾವಿಗೂ ಉಸಿರುಗಟ್ಟಿದ ಸಾವಿಗೂ ವ್ಯತ್ಯಾಸ ಇದೆ. ವಿಷ ಬಿದ್ರೆ ಸಾಮಾನ್ಯವಾಗಿ ಸಣ್ಣ ಮೀನು ಮೊದಲು ಸಾಯತ್ತೆ, ನೀರಿನ ಹುಳುಗಳು, ಕಪ್ಪೆಮರಿಗಳೂ ಸಾಯತ್ತವೆ, ಅದಕ್ಕೆ ಹೊತ್ತು ಗೊತ್ತು ಇಲ್ಲ, ಮಧ್ಯಾಹ್ನವೂ ಸಾಯಬಹುದು. ಆಮ್ಲಜನಕ ಮುಗಿದ್ರೆ ಬೆಳಗಿನ ಜಾವವೇ ಸಾಯೋದು, ದೊಡ್ಡ ಮೀನು ಮೊದಲು ಸಾಯತ್ತೆ. ಸಣ್ಣವು, ಜಿಲೇಬಿ ಮೀನು, ಗಾಳಿ ಕುಡಿದು ಬದುಕೋ ಕೊರಮೀನು ಉಳ್ಕೊಳತ್ತವೆ. ಬಿಸಿಲು ಏರಿದ ಮೇಲೆ ಸಾವು ನಿಲ್ಲತ್ತೆ.

ಫೋಟೋಗಳಲ್ಲಿ ಸಮಯ 6 ಗಂಟೆ 10 ನಿಮಿಷ. ತೇಲ್ತಿದ್ದದ್ದು ದೊಡ್ಡ ಕಾಟ್ಲಾ, ರೋಹು. ದಡದಲ್ಲಿ ಬೆರಳುದ್ದದ ಜಿಲೇಬಿ ಮೀನು ಜೀವಂತ ಓಡಾಡ್ತಿದ್ವು. ಕಪ್ಪೆಮರಿಗೂ ಏನೂ ಆಗಿರಲಿಲ್ಲ. ಮಧ್ಯಾಹ್ನದ ಮೇಲೆ ಹೊಸದಾಗಿ ಒಂದೂ ಸತ್ತಿಲ್ಲ ಅಂತ ಚಿಕ್ಕಪ್ಪನೇ ಹೇಳಿದ್ದಾರೆ.

ಇನ್ನೊಂದು ಮಾತು ಕೇಳಿ ನನಗೆ ಸಂಕಟ ಆಯ್ತು. ಅದಕ್ಕೆ ಮುಂಚೆ ಎರಡು ದಿನ ಬೆಳಗ್ಗೆ ಬೆಳಗ್ಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಿದ್ವಂತೆ. "ಪಾಪ, ಹಸಿವಾಗಿದೆ" ಅಂತ ಚಿಕ್ಕಪ್ಪ ಇನ್ನೊಂದು ಬೊಗಸೆ ತೌಡು ಜಾಸ್ತಿ ಹಾಕಿದ್ದಾರೆ. ಆ ಮೀನು ಕೇಳ್ತಿದ್ದದ್ದು ಮೇವಲ್ಲ. ಮೇಲ್ಪದರದ ನೀರಲ್ಲಿ ಉಳಿದಿದ್ದ ಚೂರು ಆಮ್ಲಜನಕಕ್ಕೆ ಬಾಯಿ ಹಾಕ್ತಿದ್ವು. ಪ್ರೀತಿಯಿಂದಲೇ ಹಾಕಿದ್ದು, ಅದೇ ಕೊನೆಯ ಹೊರೆ ಆಯ್ತು.

ನೀರನ್ನ ಲ್ಯಾಬಿಗೆ ಕೊಟ್ಟಿಲ್ಲ, ಹಾಗಾಗಿ ಕೋರ್ಟಿನ ತೀರ್ಪಿನ ಹಾಗೆ ನಾನು ಹೇಳೋಕಾಗಲ್ಲ. ಆದ್ರೆ ಇರೋ ಸಾಕ್ಷಿ ಅಷ್ಟೂ ಉಸಿರುಗಟ್ಟಿದ ಸಾವಿನ ಕಡೆಗೇ ಬೆರಳು ತೋರಿಸತ್ತೆ. ಡ್ರಮ್ ತೊಳೆದ ಕಥೆಗೆ ಒಂದೂ ಸಾಕ್ಷಿ ಇಲ್ಲ.

ಹಲಸೂರಿನಲ್ಲೂ ಇದೇ ಆಗಿದ್ದು

ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆ ಕಡೆ ಮೆಟ್ರೋ ಹತ್ತಿದ್ರೆ ಮೂರನೇ ಸ್ಟೇಷನ್ ಹಲಸೂರು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದಿದ್ವು. ಆಗಲೂ ಮೊದಲ ಮಾತು "ಯಾರೋ ಏನೋ ಹಾಕಿದ್ದಾರೆ" ಅನ್ನೋದೇ. ಆದ್ರೆ ಕೊಳಚೆ ನೀರು ಸೇರಿ, ಬೇಸಿಗೆಯ ಬಿಸಿಗೆ ನೀರಿನ ಆಮ್ಲಜನಕ ಕುಸಿದದ್ದೇ ಮುಖ್ಯ ಕಾರಣ ಅನ್ನೋ ಮಾತು ಬಂತು. ಕೊಳಚೆ ಅಂದ್ರೇನು? ಸಾರಜನಕ, ರಂಜಕ, ಕೊಳೆಯೋ ಪದಾರ್ಥ. ಚಿಕ್ಕಪ್ಪ ಟ್ರಾಕ್ಟರಿನಲ್ಲಿ ತಂದು ಸುರಿದದ್ದನ್ನ ನಾವೆಲ್ಲ ಸೇರಿ ಪೈಪಿನಲ್ಲಿ ಬಿಟ್ಟಿದ್ದೀವಿ, ಅಷ್ಟೇ ವ್ಯತ್ಯಾಸ.

ಅದೇ ಕೊಳಚೆ ನೀರಿನಿಂದ ಕೋಲ್ಕತ್ತಾದ ಪೂರ್ವಕ್ಕೆ ಇರೋ ಜೌಗು ಪ್ರದೇಶದಲ್ಲಿ ತಲೆಮಾರುಗಳಿಂದ ಮೀನು ಬೆಳೀತಿದ್ದಾರೆ. 12,500 ಹೆಕ್ಟೇರಿನ ಆ ಜಾಗಕ್ಕೆ 2002ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಅಲ್ಲಿನವರು ಆಳ ಇಲ್ಲದ ಕೊಳಗಳಿಗೆ ಕೊಳಚೆ ನೀರನ್ನ ಅಳತೆ ಮಾಡಿ ಬಿಡ್ತಾರೆ, ಬಿಸಿಲಿಗೆ ಪಾಚಿ ಬೆಳೆಯೋಕೆ ಸಮಯ ಕೊಡ್ತಾರೆ, ಆಮೇಲೆ ಮೀನು. ಕೋಲ್ಕತ್ತಾದಲ್ಲಿ ಊಟ ಆದದ್ದು ಹಲಸೂರಿನಲ್ಲಿ ಸಾವಾಯ್ತು.

ಮತ್ತೆ ಮೀನು ಬಿಡಬೇಕಾ?

ಬಿಡಿ. ಆದ್ರೆ ಈ ಸಲ ಹೊಂಡ ಬತ್ತಿಸಿ ತಳದ ಕಪ್ಪು ಕೆಸರು ತೆಗೆಸಿ. ಆ ಕೆಸರು ತೋಟಕ್ಕೆ ಒಳ್ಳೆ ಗೊಬ್ಬರ. ಸುಣ್ಣ ಹಾಕಿ, ಒಂದು ವಾರ ಬಿಟ್ಟು ಲೆಕ್ಕದ ಸಗಣಿ ಹಾಕಿ. ಮರಿ 500 ದಾಟಬೇಡ. ಗಾಳದವರಿಗೆ ಬೇಕಿರೋದು ದೊಡ್ಡ ಮೀನು, ಕಡಿಮೆ ಬಿಟ್ರೇ ದೊಡ್ಡದಾಗೋದು. ಕಡಿಮೆ ಬೆಲೆಗೆ ಸಿಗತ್ತೆ ಅಂತ ಆಫ್ರಿಕನ್ ಕ್ಯಾಟ್‌ಫಿಶ್ ಬಿಡಬೇಡಿ, ಅದನ್ನ ಸಾಕೋದು ನಿಷೇಧ. ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರೀಲಿ ಮರಿ ಮತ್ತೆ ಸಲಹೆ ಬಗ್ಗೆ ಕೇಳಿ. ಹೆಸರಘಟ್ಟದಲ್ಲಿ ಕೇಂದ್ರ ಸಿಹಿನೀರು ಮೀನು ಸಾಕಣೆ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇದೆ.

ವಾರಕ್ಕೊಮ್ಮೆ ತಟ್ಟೆ ಇಳಿಸಿ ನೋಡಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏಪ್ರಿಲ್, ಮೇನಲ್ಲಿ ವಾರಕ್ಕೆ ಎರಡು ಸಲ ಸೂರ್ಯ ಹುಟ್ಟೋಕೆ ಮುಂಚೆ ಹೊಂಡದ ಹತ್ತಿರ ಹೋಗಿ. ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ಮೇವು, ಗೊಬ್ಬರ ಎರಡೂ ತಕ್ಷಣ ನಿಲ್ಲಿಸಿ. ಪಂಪ್‌ಸೆಟ್ಟಿನಿಂದ ಹೊಂಡದ ಮೇಲ್ಭಾಗದ ನೀರನ್ನೇ ಎತ್ತಿ, ಪೈಪಿನ ಬಾಯಿ ಒತ್ತಿ ಹಿಡಿದು, ಮಳೆ ಥರ ವಾಪಸ್ ಹೊಂಡಕ್ಕೇ ಚಿಮ್ಮಿಸಿ. ಬೋರ್‌ವೆಲ್ ನೀರಾದ್ರೂ ಹೀಗೇ ಚಿಮ್ಮಿಸಿಯೇ ಬಿಡಿ, ನೆಲದಡಿಯ ನೀರಲ್ಲಿ ಆಮ್ಲಜನಕ ಕಡಿಮೆ ಇರತ್ತೆ.

ಕೊನೆಗೆ ವಾಯ್ಸ್ ನೋಟ್ ಕಳಿಸಿದವರಿಗೆ ಒಂದು ಮಾತು. ಈ ಶನಿವಾರ ಬೈಯಪ್ಪನಹಳ್ಳಿಲಿ ಟ್ರೇನ್ ಹತ್ತಿದಾಗ ಈ ಎಪಿಸೋಡ್ ಡೌನ್‌ಲೋಡ್ ಮಾಡ್ಕೊಂಡು ಹೋಗಿ. ಚಿಕ್ಕಪ್ಪನ ಪಕ್ಕ ಕೂತು ಕೇಳಿಸಿ. "ನೀನೇ ಸಾಯಿಸಿದ್ದು" ಅನ್ನಬೇಡಿ. ಅವರಿಗೆ ಆಗಲೇ ಒಂದು ವರ್ಷದ ದುಡಿಮೆ ಹೋಗಿದೆ. 9 ಕೆಜಿ ಲೆಕ್ಕ ಮಾತ್ರ ಹೇಳಿ, ಉಳಿದದ್ದು ಅವರಿಗೇ ಅರ್ಥ ಆಗತ್ತೆ. ಆಮೇಲೆ ಅವರನ್ನ ಕರ್ಕೊಂಡು ಪಕ್ಕದ ತೋಟಕ್ಕೆ ಹೋಗಿ. ಮದುವೆ ಕಾರ್ಡ್ ಅವರು ಕೊಡ್ಲಿ ಅಂತ ಕಾಯಬೇಡಿ, ಈ ಸಲ ಮೊದಲು ಹೋಗಬೇಕಾದವರು ನೀವೇ.

ನಿಮ್ಮ ಊರಿನ ಕೆರೆ, ಹೊಂಡದ ಬಗ್ಗೆ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.